ಸನ್ನೆ ಭಾಷೆ ಕಲಿಸುವ ಸಣ್ಣ ಟ್ರಸ್ಟ್, ಕಾಸರಗೋಡು: ಇನ್‌ಸ್ಟಾ, ವಾಟ್ಸಾಪಿನಲ್ಲಿ ಎಂತ ಹಾಕುವುದು?

ಬದಿಯಡ್ಕದ ಪೋಸ್ಟರ್ ಮಾಣಿ

ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದರೆ ಓದಿ ಹೇಳಿ.

ಬದಿಯಡ್ಕದ ಹತ್ತಿರ ಒಂದು ಸಣ್ಣ ಟ್ರಸ್ಟ್ ಉಂಟು. ಕಿವಿ ಕೇಳದ ಮಕ್ಕಳ ಅಪ್ಪ ಅಮ್ಮನಿಗೆ, ಅಣ್ಣ ತಂಗಿಯರಿಗೆ ಭಾನುವಾರ ಸನ್ನೆ ಭಾಷೆ ಕಲಿಸುತ್ತಾರೆ. ಕಿವಿ ಕೇಳದವರಿಗೆ ಆಸ್ಪತ್ರೆಗೋ ಬ್ಯಾಂಕಿಗೋ ಹೋಗಲಿಕ್ಕಿದ್ದರೆ ಜತೆಗೆ ಒಬ್ಬರು ದುಭಾಷಿ ಹೋಗುತ್ತಾರೆ, ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ. ನಾನು ಪಾಠ ಮಾಡುವವನಲ್ಲ. ಡಿಟಿಪಿ ಗೊತ್ತುಂಟು ಅಂತ ಪೇಜ್ ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದಿದೆ.

ಪೇಜಿನಲ್ಲಿ ಈಗ ಇರುವುದು ಓಣಂ ಶುಭಾಶಯ, ದೀಪಾವಳಿ ಶುಭಾಶಯ, ಅಧ್ಯಕ್ಷರು ಯಾರಿಗೋ ಶಾಲು ಹೊದೆಸುವ ಫೋಟೋ. ಲೈಕ್ ಹಾಕುವವರೂ ನಮ್ಮ ಕಮಿಟಿಯವರೇ. ಸೆಪ್ಟೆಂಬರ್ 23 ಅಂತಾರಾಷ್ಟ್ರೀಯ ಸನ್ನೆ ಭಾಷೆಗಳ ದಿನ ಅಲ್ವಾ, ಅಷ್ಟರೊಳಗೆ ಎಂತಾದರೂ ವೈರಲ್ ಆಗುವಂಥದ್ದು ಮಾಡು ಅಂತ ಮೀಟಿಂಗಿನಲ್ಲಿ ಹೇಳಿದ್ದಾರೆ. ಆ ದಿನ ಬೇರೆ ಬೇರೆ ದೇಶಗಳಲ್ಲಿ ದೊಡ್ಡ ಕಟ್ಟಡಗಳಿಗೆ ನೀಲಿ ಬೆಳಕು ಹಾಕುತ್ತಾರೆ, ನಾವೂ ಬೇಕಲ ಕೋಟೆಗೆ ಹಾಕಿಸಿ ಡ್ರೋನ್ ಹಾರಿಸೋಣ ಅಂತ ಒಬ್ಬರ ಐಡಿಯಾ. ಕ್ಲಾಸಿನ ಟ್ಯೂಬ್‌ಲೈಟ್ ಹೋಗಿ ಸುಮಾರು ದಿನ ಆಯಿತು, ಅದನ್ನು ಬದಲಿಸಲಿಕ್ಕೆ ಯಾರಿಗೂ ನೆನಪಾಗುವುದಿಲ್ಲ.

ನನಗೆ ಗೊತ್ತಾಗಬೇಕಾದ್ದು ಇಷ್ಟು. ಇನ್‌ಸ್ಟಾ, ಫೇಸ್‌ಬುಕ್, ಯೂಟ್ಯೂಬ್, ವಾಟ್ಸಾಪ್ ಇವುಗಳಲ್ಲಿ ಯಾವುದಕ್ಕೆ ಸಮಯ ಹಾಕುವುದು? ಕ್ಯಾಪ್ಷನ್ ಕನ್ನಡದಲ್ಲೋ ಮಲಯಾಳದಲ್ಲೋ? ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನರಿಗೆ ಮುಟ್ಟಿಸುವುದು, ಅಂದರೆ ಬೂಸ್ಟ್ ಮಾಡುವುದರಿಂದ ಪ್ರಯೋಜನ ಉಂಟಾ? ಮತ್ತೆ ನಮ್ಮ ಊರಿನ ಅರ್ಧ ಜನ ಗಲ್ಫಿನಲ್ಲಿ ಇದ್ದಾರೆ, ಅವರ ಹತ್ತಿರ ಪೇಜಿನ ಮೂಲಕ ಸಹಾಯ ಕೇಳಬಹುದಾ?

ನೀರ್ಚಾಲಿನ ಟೀಚರ್

ಮಾಣಿ, ವೈರಲ್ ವಿಷಯ ಒಂದು ಕಡೆ ಇಡು. ಈ ಪೇಜ್ ಯಾರು ನೋಡಬೇಕು ಅಂತ ಕಮಿಟಿಯವರ ಹತ್ತಿರ ಕೇಳಿದ್ದೀಯಾ? 'ಎಲ್ಲರೂ' ಅನ್ನುವ ಉತ್ತರ ಬಂದರೆ ಒಪ್ಪಬೇಡ.

ನನ್ನ ಪ್ರಕಾರ ಮೊದಲು ನೋಡಬೇಕಾದವರು ಮನೆಯವರು. ಕಿವಿ ಕೇಳದ ಮಕ್ಕಳಲ್ಲಿ ಬಹುಪಾಲು ಮಕ್ಕಳು ಹುಟ್ಟುವುದು ಕಿವಿ ಕೇಳುವ ತಂದೆ ತಾಯಿಗೆ. ಆ ಮನೆಯಲ್ಲಿ ಸನ್ನೆ ಭಾಷೆ ಗೊತ್ತಿರುವವರು ಯಾರೂ ಇರುವುದಿಲ್ಲ. ಮಗು ಶಾಲೆಗೆ ಸೇರಿದ ಮೇಲೆ ಅಲ್ಲಿ ಮಕ್ಕಳ ಜತೆ ಸೇರಿ ಚಂದ ಕಲಿಯುತ್ತದೆ. ಚೆರ್ಕಳದ ಮಾರ್ತೋಮಾ ಕಿವುಡರ ಶಾಲೆಯ ಮಕ್ಕಳು ಬಸ್ಸಿಗೆ ಕಾಯುವಾಗ ಒಮ್ಮೆ ನೋಡು, ಎಷ್ಟು ಮಾತಾಡುತ್ತಾರೆ ಅಂತ. ಅದೇ ಮಗು ಮನೆಗೆ ಬಂದ ಕೂಡಲೇ ಮಾತು ಊಟಕ್ಕೆ ಬಾ, ಮಲಗು, ಬೇಡ, ಇಷ್ಟಕ್ಕೆ ಇಳಿಯುತ್ತದೆ. ಶಾಲೆಯಲ್ಲಿ ಯಾರೋ ಹೊಡೆದರು ಅಂತ ಅದು ಹೇಳಿದರೆ ಅಜ್ಜಿಗೆ ಗೊತ್ತಾಗುವುದಿಲ್ಲ. ಅಮ್ಮನಿಗೂ ಗೊತ್ತಾಗುವುದಿಲ್ಲ.

ಆ ಅಮ್ಮ ಇನ್‌ಸ್ಟಾದಲ್ಲಿ ನಿಮ್ಮ ಪೇಜ್ ಹುಡುಕಿಕೊಂಡು ಬರುವುದಿಲ್ಲ. ಅವಳು ಇರುವುದು ವಾಟ್ಸಾಪಿನಲ್ಲಿ. ಕುಟುಂಬಶ್ರೀ ಗ್ರೂಪ್, ಅಂಗನವಾಡಿ ಗ್ರೂಪ್, ಕುಟುಂಬದ ಗ್ರೂಪ್. ಕೇರಳದಲ್ಲಿ ಇರುವುದರಿಂದ ನಮಗೆ ಒಂದು ಅನುಕೂಲ ಉಂಟು, ಕುಟುಂಬಶ್ರೀಯ ಅಯಲ್‌ಕೂಟ, ಅಂದರೆ ನೆರೆಮನೆ ಹೆಂಗಸರ ಸ್ವಸಹಾಯ ಗುಂಪು, ಇಲ್ಲದ ವಾರ್ಡ್ ಸಿಗುವುದು ಕಷ್ಟ. ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾವ ಮಗು ಅಂತ ಗೊತ್ತಿರುತ್ತದೆ. ಅವರ ಫೋನಿಗೆ ಒಂದು ವಿಡಿಯೋ ಮುಟ್ಟಿದರೆ ಬೇಕಾದ ಮನೆಗೆ ಮುಟ್ಟಿತು ಅಂತಲೇ ಲೆಕ್ಕ.

ವಿಡಿಯೋ ಅರ್ಧ ನಿಮಿಷದ್ದು ಸಾಕು. ಮನೆಯ ಮಾತು ಹಾಕಿ. ಗಂಜಿ, ಉಪ್ಪಿನಕಾಯಿ, ಹೊಟ್ಟೆನೋವು, ಜ್ವರ ಬಂತಾ, ಕೊಡೆ ತೆಗೆದುಕೋ, ಇವತ್ತು ಶಾಲೆಗೆ ರಜೆ. ಒಂಟಿ ಪದ ಮಾತ್ರ ಬೇಡ, ವಾಕ್ಯ ಹೇಳಿಕೊಡಿ. ದೆಹಲಿಯ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದವರು 2018ರಲ್ಲಿ 3,000 ಪದಗಳ ವಿಡಿಯೋ ನಿಘಂಟು ಮಾಡಿದರು, 2021ರಲ್ಲಿ ಅದು 10,000 ಪದ ಆಯಿತು. ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದೆ. ಹಾಗಾದರೆ ಅದರ ಲಿಂಕ್ ಕಳಿಸಿದರೆ ಸಾಕಲ್ಲ ಅಂತ ಯಾರಾದರೂ ಕೇಳಿಯಾರು. ಸಾಲದು. ಅದರಲ್ಲಿ ಹೆಸರು ಇಂಗ್ಲಿಷ್, ಹಿಂದಿಯಲ್ಲಿ ಇರುವುದು. ಪೆರ್ಲದ ಅಮ್ಮ 'ಫೀವರ್' ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಹುಡುಕುತ್ತಾಳೆ ಅಂತ ನನಗೇನೂ ನಂಬಿಕೆ ಇಲ್ಲ. ಆ ನಿಘಂಟನ್ನು ನೀವು ನೋಡಿ, ನಮ್ಮ ಕಡೆ ಕಿವಿ ಕೇಳದವರು ಅದೇ ಸನ್ನೆ ಮಾಡುತ್ತಾರಾ ಅಂತ ಅವರನ್ನೇ ಕೇಳಿ, ಆಮೇಲೆ ನಿಮ್ಮದೇ ವಿಡಿಯೋ ಮಾಡಿ. ದೇಶದಲ್ಲಿ ವ್ಯಾಕರಣ ಹೆಚ್ಚುಕಮ್ಮಿ ಒಂದೇ ಆದರೂ ಪದಗಳು ಊರಿಂದ ಊರಿಗೆ ಬದಲಾಗುತ್ತವೆ.

ಕ್ಯಾಪ್ಷನ್ ಎರಡೂ ಭಾಷೆಯಲ್ಲಿ ಬೇಕು. ಮಂಜೇಶ್ವರ, ಪೈವಳಿಕೆ ಕಡೆ ಕನ್ನಡ ಶಾಲೆಯಲ್ಲಿ ಕಲಿತ ತಾಯಂದಿರಿಗೆ ಮಲಯಾಳ ಮಾತು ಬಂದರೂ ಓದುವಾಗ ತಡವರಿಸುತ್ತದೆ. ಅವರ ಮಗು ಮಾತ್ರ ಶಾಲೆಯಲ್ಲಿ ಮಲಯಾಳ ಓದುತ್ತಿರುತ್ತದೆ. ಬರೀ ಒಂದು ಭಾಷೆ ಹಾಕಿದರೆ ಒಂದೇ ಮನೆಯಲ್ಲಿ ಒಬ್ಬರು ಹೊರಗೆ ಉಳಿಯುತ್ತಾರೆ.

ಕೋಟೆಗೆ ಲೈಟ್ ಹಾಕುವುದು ಬಿಟ್ಟು ಕ್ಲಾಸಿನ ಟ್ಯೂಬ್‌ಲೈಟ್ ಮೊದಲು ಹಾಕಿಸಿ. ಕತ್ತಲೆಯಲ್ಲಿ ಸನ್ನೆ ಭಾಷೆ ಕಲಿಸುವುದು ಹೇಗೆ?

ಉಪ್ಪಳದವಳು

ನನಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಮಂಗಳೂರಿನಲ್ಲಿ ಕೆಲಸ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ, ರೈಲಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ಪ್ರಶ್ನೆ ಪೂರ್ತಿ ಓದಿದೆ. ಕಮಿಟಿ ಹೇಳಿತು, ಒಬ್ಬರು ಐಡಿಯಾ ಕೊಟ್ಟರು, ಅಧ್ಯಕ್ಷರು ಶಾಲು ಹೊದೆಸಿದರು. ನಿಮ್ಮಲ್ಲಿಗೆ ಬರುವ ಕಿವುಡರು ಎಂತ ಹೇಳಿದರು? ಅದು ಒಂದು ಸಾಲೂ ಇಲ್ಲ. ಪೇಜ್ ನಡೆಸುವವರಲ್ಲಿ ಒಬ್ಬರಾದರೂ ಕಿವುಡರು ಇದ್ದಾರಾ? ಇಲ್ಲದಿದ್ದರೆ ಮೊದಲ ಕೆಲಸ ಅದೇ. ಬಾಕಿ ಎಲ್ಲ ಆಮೇಲೆ.

ಯಾಕೆ ಹೇಳುತ್ತೇನೆ ಅಂದರೆ ನನಗೆ ದಿನಾ ಯಾರಾದರೂ ರೀಲ್ಸ್ ಕಳಿಸುತ್ತಾರೆ. ಕಿವಿ ಕೇಳುವ ಹುಡುಗ ಹುಡುಗಿಯರು ಚಂದ ಬಟ್ಟೆ ಹಾಕಿಕೊಂಡು ಸಿನಿಮಾ ಹಾಡಿಗೆ ಸನ್ನೆ ಮಾಡುವುದು. ಸಾವಿರಗಟ್ಟಲೆ ಲೈಕ್. ನನಗೆ ಅರ್ಧವೂ ಅರ್ಥ ಆಗುವುದಿಲ್ಲ. ಕೆಲವರು ಅಮೆರಿಕದ ಸನ್ನೆ ಎತ್ತಿ ಹಾಕುತ್ತಾರೆ. ಅಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒಂದು ಕೈಯಲ್ಲಿ ತೋರಿಸುತ್ತಾರೆ, ನಮ್ಮದು ಎರಡು ಕೈ. ಅದನ್ನು ನೋಡಿ ಇಲ್ಲಿನ ಅಮ್ಮಂದಿರು ಕಲಿತರೆ ಮಗುವಿಗೆ ಇನ್ನೂ ಕಷ್ಟ. ಟೀಚರ್ ಹೇಳಿದ ವಿಡಿಯೋಗಳನ್ನೂ ಕಿವುಡರೇ ಮಾಡಬೇಕು. ಕಿವಿ ಕೇಳುವವರು ಕ್ಯಾಮೆರಾ ಹಿಡಿಯಲಿ, ಕ್ಯಾಪ್ಷನ್ ಬರೆಯಲಿ, ಆಟೋ ಬಾಡಿಗೆ ಕೊಡಲಿ. ಅದು ಸಣ್ಣ ಕೆಲಸ ಅಲ್ಲ.

ಇನ್ನೊಂದು, ನಾವು ಕಲಿಸುವುದನ್ನು ಮಾತ್ರ ಹಾಕಬೇಡಿ. ನಾವು ಮಾತಾಡುವುದನ್ನು ಹಾಕಿ. ಗ್ಯಾರೇಜಿನಲ್ಲಿ ಕೆಲಸ ಮಾಡುವವರು ಇದ್ದಾರೆ, ಟೈಲರಿಂಗ್ ಮಾಡುವವರು ಇದ್ದಾರೆ, ಅಡಿಕೆ ಸುಲಿಯುವವರು ಇದ್ದಾರೆ. ಅಡಿಕೆಗೆ ರೇಟ್ ಬಂದದ್ದು ಹೋದದ್ದು ನಮಗೂ ಗೊತ್ತುಂಟು, ಅದರ ಬಗ್ಗೆ ನಮಗೂ ಹೇಳಲಿಕ್ಕೆ ಉಂಟು. 2023ರ ಸೆಪ್ಟೆಂಬರಿನಲ್ಲಿ ಸಾರಾ ಸನ್ನಿ ಅಂತ ಬೆಂಗಳೂರಿನ ಕಿವುಡ ವಕೀಲೆ ಸನ್ನೆ ಭಾಷೆಯ ದುಭಾಷಿಯ ಸಹಾಯದಿಂದ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು, ಆನ್‌ಲೈನಿನಲ್ಲಿ. ಆ ಕ್ಲಿಪ್ ನನಗೆ ಎಷ್ಟು ಗ್ರೂಪಿನಿಂದ ಬಂತು ಅಂತ ಲೆಕ್ಕ ಇಲ್ಲ. ಅದರಲ್ಲಿ ಹಾಡು ಇಲ್ಲ, ಅಳು ಇಲ್ಲ. ಒಬ್ಬಳು ವಕೀಲೆ ಅವಳ ಕೆಲಸ ಮಾಡುತ್ತಿದ್ದಳು. ಅಷ್ಟೇ.

ದುಭಾಷಿಯನ್ನು ವಿಡಿಯೋದ ಮೂಲೆಯಲ್ಲಿ ಅಂಚೆಚೀಟಿಯಷ್ಟು ಸಣ್ಣ ಮಾಡಿ ಇಡಬೇಡಿ. ಫೋನಿನಲ್ಲಿ ಬೆರಳು ಕಾಣುವುದಿಲ್ಲ.

ಕಾಮೆಂಟಿನಲ್ಲಿ ಕಿವುಡರು ಪ್ರಶ್ನೆ ಕೇಳಿದರೆ ಸನ್ನೆಯಲ್ಲೇ ಒಂದು ಸಣ್ಣ ವಿಡಿಯೋ ಮಾಡಿ ಉತ್ತರ ಕೊಡಿ. ನಮ್ಮಲ್ಲಿ ತುಂಬಾ ಜನರಿಗೆ ಕನ್ನಡವಾಗಲಿ ಮಲಯಾಳವಾಗಲಿ ಓದುವುದು ಕಷ್ಟ. ಶಾಲೆಯಲ್ಲಿ ಅದನ್ನು ನಮ್ಮ ಭಾಷೆಯ ಮೂಲಕ ಕಲಿಸಲಿಲ್ಲ, ಹಾಗಾಗಿ. ಕ್ಯಾಪ್ಷನ್ ಹಾಕಿದೆವು, ಇನ್ನು ಕಿವುಡರಿಗೆ ಎಲ್ಲ ಗೊತ್ತಾಗುತ್ತದೆ ಅಂತ ತಿಳಿಯಬೇಡಿ.

ಕುಂಬಳೆ ಸ್ಟುಡಿಯೋ

ಮದುವೆ, ಯಕ್ಷಗಾನ, ಬ್ರಹ್ಮಕಲಶ ಶೂಟ್ ಮಾಡುವವ ನಾನು. ಉಪ್ಪಳದ ಅಕ್ಕ ಹೇಳಿದ ಮೇಲೆ ವಿಷಯದ ಬಗ್ಗೆ ಎಂತ ಹೇಳಲಿಕ್ಕೂ ಇಲ್ಲ, ಕ್ಯಾಮೆರಾ ಬಗ್ಗೆ ಮಾತ್ರ ಹೇಳುತ್ತೇನೆ. ಸನ್ನೆ ಭಾಷೆಯ ವಿಡಿಯೋ ಹಾಳಾಗುವುದು ಹೆಚ್ಚಾಗಿ ಸಣ್ಣ ಸಣ್ಣ ಕಾರಣಕ್ಕೆ.

ಫೋನ್ ನೆಟ್ಟಗೆ ಹಿಡಿದರೆ ಫ್ರೇಮ್ ಅಗಲ ಕಡಿಮೆ. ಕೈ ಅಗಲಿಸಿದ ಕೂಡಲೇ ಹೊರಗೆ ಹೋಗುತ್ತದೆ. ಹಾಗಾಗಿ ಹತ್ತಿರ ನಿಲ್ಲಬೇಡಿ. ಸೊಂಟದಿಂದ ಹಿಡಿದು ತಲೆಯ ಮೇಲೆ ಸ್ವಲ್ಪ ಜಾಗ ಬಿಟ್ಟು, ಎರಡೂ ಮೊಣಕೈ ಒಳಗೆ ಬರಬೇಕು. ಮುಖ ಕತ್ತರಿಸಲೇಬಾರದು. ಹುಬ್ಬು ಏರಿಸಿದರೆ 'ಹೌದಾ ಅಲ್ವಾ' ಅಂತ ಕೇಳುವ ಪ್ರಶ್ನೆ, ಏರಿಸದಿದ್ದರೆ ಸಾದಾ ಮಾತು, ಹಾಗೆ ಮುಖದಲ್ಲೇ ವ್ಯಾಕರಣ ಉಂಟಂತೆ. ಅದಕ್ಕೇ ಬ್ಯೂಟಿ ಫಿಲ್ಟರ್ ಹಾಕಬೇಡಿ ಅನ್ನುವುದು, ಮುಖ ಚಂದ ಆದೀತು, ಹುಬ್ಬು ಮಾಯ ಆಗುತ್ತದೆ. ಮುಖದ ಮೇಲೆ ಸ್ಟಿಕ್ಕರ್ ಅಂತೂ ಬೇಡವೇ ಬೇಡ.

ಬಟ್ಟೆ ಒಂದೇ ಬಣ್ಣದ್ದು, ಕೈಯ ಬಣ್ಣಕ್ಕೆ ಹತ್ತಿರ ಇಲ್ಲದ್ದು. ದೊಡ್ಡ ಚೌಕಳಿ ಶರ್ಟು, ಕೈತುಂಬ ಬಳೆ ಬೇಡ. ಹಿಂದೆ ಖಾಲಿ ಗೋಡೆ. ನಮ್ಮವರಿಗೆ ಹಿಂದೆ ಒಂದು ಬ್ಯಾನರ್ ಕಟ್ಟದಿದ್ದರೆ ಸಮಾಧಾನ ಇಲ್ಲ. ಬ್ಯಾನರಿನಲ್ಲಿ ಇರುವ ಎಲ್ಲರ ಮುಖದ ನಡುವೆ ಸನ್ನೆ ಮಾಡುವವರ ಕೈ ಹುಡುಕಬೇಕು.

ಬೆಳಕು ಎದುರಿನಿಂದ ಬರಲಿ. ಮಳೆಗಾಲದಲ್ಲಿ ಒಳಗೆ ತೆಗೆದರೆ ಬೆರಳು ಮಸುಕಾಗುತ್ತದೆ, ಬೆಳಕು ಕಡಿಮೆ ಇರುವಾಗ ಫೋನ್ ಶಟರ್ ನಿಧಾನ ಮಾಡುವುದರಿಂದ ಹಾಗೆ. ಚಾವಡಿಯಲ್ಲಿ ಅಂಗಳಕ್ಕೆ ಮುಖ ಮಾಡಿ ನಿಲ್ಲಿಸಿದರೆ ಖರ್ಚಿಲ್ಲದೆ ಒಳ್ಳೆ ಬೆಳಕು ಸಿಗುತ್ತದೆ. ಬೆಳಕು ಚೆನ್ನಾಗಿ ಇದ್ದರೆ ಸೆಕೆಂಡಿಗೆ 60 ಫ್ರೇಮ್ ಇಡಿ, ಕೈ ಓಡುವುದು ಸ್ಪಷ್ಟ ಕಾಣುತ್ತದೆ. ಸೆಲ್ಫಿ ಕ್ಯಾಮೆರಾದಲ್ಲಿ ಕೆಲವು ಫೋನ್ ಚಿತ್ರ ತಿರುಗಿಸಿ ಸೇವ್ ಮಾಡುತ್ತದೆ, ಬಲಗೈ ಎಡಗೈ ಆಗುತ್ತದೆ, ಹಿಂದಿನ ಕ್ಯಾಮೆರಾದಲ್ಲೇ ತೆಗೆಯಿರಿ. ಎಡಿಟ್ ಮಾಡುವಾಗ ಸ್ಪೀಡ್ ಹೆಚ್ಚಿಸಬೇಡಿ, ಕೈ ಕೆಳಗೆ ಇಳಿಯುವ ಮೊದಲು ಕಟ್ ಮಾಡಬೇಡಿ. ಭಾಷೆ ಗೊತ್ತಿಲ್ಲದ ಎಡಿಟರ್ ವಾಕ್ಯದ ಮಧ್ಯದಲ್ಲಿ ಕತ್ತರಿ ಹಾಕುತ್ತಾನೆ, ಅವನಿಗೆ ಗೊತ್ತಾಗುವುದೂ ಇಲ್ಲ. ಅಪ್‌ಲೋಡ್ ಮಾಡುವ ಮೊದಲು ಸನ್ನೆ ಮಾಡಿದವರಿಗೇ ತೋರಿಸಿ.

ಕ್ಯಾಪ್ಷನ್ ವಿಷಯ. ಯೂಟ್ಯೂಬಿನಲ್ಲಿ ಒಂದೇ ವಿಡಿಯೋಕ್ಕೆ ಕನ್ನಡ ಬೇರೆ, ಮಲಯಾಳ ಬೇರೆ ಸಬ್‌ಟೈಟಲ್ ಕೊಡಬಹುದು, ನೋಡುವವರು ಬೇಕಾದ್ದು ಆರಿಸಿಕೊಳ್ಳುತ್ತಾರೆ. ವಾಟ್ಸಾಪಿಗೆ ಆ ಸೌಕರ್ಯ ಇಲ್ಲ, ಅಕ್ಷರ ವಿಡಿಯೋದ ಮೇಲೆಯೇ ಕೂರಿಸಬೇಕು. ಒಂದೆರಡು ಪದ ಆದರೆ ಮೇಲೆ ಕನ್ನಡ, ಕೆಳಗೆ ಮಲಯಾಳ ಹಾಕಬಹುದು. ವಾಕ್ಯ ಉದ್ದ ಇದ್ದರೆ ಎರಡು ವಿಡಿಯೋ ಮಾಡಿ. ಇನ್‌ಸ್ಟಾದಲ್ಲಿ ತೀರಾ ಕೆಳಗೆ ಬರೆದರೆ ಪೇಜಿನ ಹೆಸರು, ಬಟನ್ ಎಲ್ಲ ಅದರ ಮೇಲೆ ಬಂದು ಕೂರುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ಎಚ್‌ಡಿ ಒತ್ತಲು ಮರೆಯಬೇಡಿ, ಇಲ್ಲದಿದ್ದರೆ ಅದು ವಿಡಿಯೋ ಕುಗ್ಗಿಸಿ ಕಳಿಸುತ್ತದೆ, ಬೆರಳು ಐದೋ ಮೂರೋ ಗೊತ್ತಾಗುವುದಿಲ್ಲ.

ಕನ್ನಡದಲ್ಲಿ ಮಾತಿನ ಸ್ವರವನ್ನೂ ಹಾಕಿ. ಶಬ್ದ ಇಲ್ಲದಿದ್ದರೆ ನಮ್ಮ ಜನ ಫೋನ್ ಹಾಳಾಗಿದೆ ಅಂತ ಮುಂದೆ ಹೋಗುತ್ತಾರೆ.

ಸೀತಾಂಗೋಳಿ ಎಕ್ಸ್‌ಪ್ರೆಸ್

ಎಲ್ಲ ಸರಿ, ಆದರೆ ದುಡ್ಡು ಬರಬೇಕಲ್ಲ. ನಾನು ಒಂದು ಕಡೆ ಫಂಡ್ ಮಾಡಿಸಿದ ಅನುಭವದಲ್ಲಿ ಹೇಳುವುದು. ಪಾಪದ ಮಗು ಒಂದರ ಕ್ಲೋಸಪ್, ಅಮ್ಮ ಕಣ್ಣು ಒರೆಸುವುದು, ಕೆಳಗೆ ಕ್ಯೂಆರ್ ಕೋಡ್. ಬೇರೆ ಯಾವ ಪೋಸ್ಟಿಗೂ ಅಷ್ಟು ಬರುವುದಿಲ್ಲ. ಬೇಸರ ಮಾಡಬೇಡಿ, ಜನ ಹಾಗೇ ಇರುವುದು.

ಎಣ್ಮಕಜೆಯವ

ಎಕ್ಸ್‌ಪ್ರೆಸ್ ಅಣ್ಣ, ಇದಕ್ಕೆ ನಾನು ಉತ್ತರ ಕೊಡುತ್ತೇನೆ, ನಮ್ಮ ಊರಿನ ಮಟ್ಟಿಗೆ ಇದು ಹೊಸ ವಿಷಯ ಅಲ್ಲ.

ನಮ್ಮಲ್ಲಿ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಹೊಡೆದದ್ದು, ಮಕ್ಕಳಿಗೆ ಕಾಯಿಲೆ ಆದದ್ದು ನಿಮಗೆ ಗೊತ್ತುಂಟು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಅಲ್ಲಿಯವರೆಗೂ, ಆಮೇಲೂ, ಕ್ಯಾಮೆರಾ ಹಿಡಿದುಕೊಂಡು ಬಂದವರು ಎಷ್ಟೋ ಜನ. ಅವರಲ್ಲಿ ಒಳ್ಳೆಯವರು ತುಂಬಾ ಇದ್ದರು. ಆ ಫೋಟೋಗಳಿಲ್ಲದೆ ಹೋರಾಟ ಅಷ್ಟು ದೂರ ಹೋಗುತ್ತಿರಲಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಆದರೆ ಫೋಟೋದಲ್ಲಿದ್ದ ಮಕ್ಕಳು ದೊಡ್ಡವರಾದರು. ಇವತ್ತೂ ಊರಿನ ಹೆಸರು ಟೈಪ್ ಮಾಡಿದರೆ ಬರುವುದು ಅವರ ಆ ಮುಖಗಳೇ. ಮದುವೆ ಸಂಬಂಧ ಮಾತಾಡುವಾಗ ಊರಿನ ಹೆಸರು ಕೇಳಿಯೇ ಹಿಂದೆ ಸರಿದವರಿದ್ದಾರೆ. ಫೋಟೋ ತೆಗೆದವರಿಗೆ ಅದು ಗೊತ್ತೇ ಇರಲಿಕ್ಕಿಲ್ಲ.

ಅಲ್ಲಿ ಒಂದು ವಿಷದ ವಿರುದ್ಧ ಸಾಕ್ಷಿ ಬೇಕಿತ್ತು. ಇಲ್ಲಿ ಎಂತದ್ದಕ್ಕೆ ಸಾಕ್ಷಿ? ಮಗುವಿಗೆ ಕಿವಿ ಕೇಳುವುದಿಲ್ಲ, ಅಷ್ಟೇ. ಕಲಿಸುವವರು ಸಿಕ್ಕಿದರೆ ಅದು ಆರಾಮ ಮಾತಾಡುತ್ತದೆ. ಅಂಥ ಮಗುವನ್ನು ಅಳುಮೋರೆಯಲ್ಲಿ ತೋರಿಸಿದರೆ ನಾಳೆ ಅದರ ಕ್ಲಾಸಿನ ಮಕ್ಕಳ ಫೋನಿಗೆ ಆ ಪೋಸ್ಟ್ ಹೋಗುತ್ತದೆ. ಕಾಸರಗೋಡು ಎಷ್ಟು ದೊಡ್ಡ ಊರು ಮಾರಾಯ್ರೆ? ಮುಖ ನೋಡಿದ ಕೂಡಲೇ ಯಾರ ಮಗು ಅಂತ ಹೇಳುತ್ತಾರೆ.

ಮಾಣಿ, ಮಕ್ಕಳ ವಿಡಿಯೋ ಹಾಕುವುದಾದರೆ ಮನೆಯವರ ಒಪ್ಪಿಗೆ ಬರೆಸಿಕೊಳ್ಳಿ. ಎಲ್ಲಿ ಹಾಕುತ್ತೀರಿ, ಎಷ್ಟು ಸಮಯ ಇಡುತ್ತೀರಿ ಅಂತ ಹೇಳಿ ಬರೆಸಿ. ಮಗುವನ್ನೂ ಕೇಳಿ, ಅದರ ಭಾಷೆಯಲ್ಲಿ. ಬೇಡ ಅಂದರೆ ತೆಗೆಯಬೇಕು. 2023ರ ಡೇಟಾ ಸಂರಕ್ಷಣೆ ಕಾಯ್ದೆಯಲ್ಲಿಯೂ 18 ವರ್ಷದೊಳಗಿನವರ ವಿಷಯದಲ್ಲಿ ಹೆತ್ತವರ ಒಪ್ಪಿಗೆ ಬೇಕು ಅಂತ ಉಂಟು. ಶಾಲೆಯ ಹೆಸರು, ಬಸ್ಸು, ಮನೆ ಇರುವ ಜಾಗ ಕಾಣದ ಹಾಗೆ ನೋಡಿಕೊಳ್ಳಿ. ನನ್ನನ್ನು ಕೇಳಿದರೆ ಮಕ್ಕಳ ಮುಖವೇ ಬೇಡ, ದೊಡ್ಡವರು ಬೇಕಾದಷ್ಟು ಜನ ಇದ್ದಾರೆ.

ಸೀತಾಂಗೋಳಿ ಎಕ್ಸ್‌ಪ್ರೆಸ್

ಮದುವೆ ಸಂಬಂಧದ ವಿಷಯ ನನಗೆ ಹೊಳೆದಿರಲಿಲ್ಲ. ಆದರೂ ನಗುವ ಫೋಟೋಕ್ಕೆ ಯಾರು ದುಡ್ಡು ಕೊಡುತ್ತಾರೆ ಅಂತ ನನ್ನ ಪ್ರಶ್ನೆ ಹಾಗೇ ಉಂಟು.

ಶಾರ್ಜಾದ ಕುಂಜತ್ತೂರಿನವ

ನಾನು ಕೊಡುತ್ತೇನೆ. ತಮಾಷೆ ಅಲ್ಲ. ನಮಗೆ ಇಲ್ಲಿ ವಾರಕ್ಕೆ ಹತ್ತು ಕಡೆಯಿಂದ ಅಳುವ ಮುಖ ಬರುತ್ತದೆ, ಈಗ ನೋಡುವುದೇ ಬಿಟ್ಟಿದ್ದೇವೆ. ಅದಕ್ಕಿಂತ 'ಈ ತಿಂಗಳು ದುಭಾಷಿ ಇಷ್ಟು ಸಲ ಆಸ್ಪತ್ರೆಗೆ ಹೋದರು, ಬಸ್ಸು ಆಟೋಕ್ಕೆ ಇಷ್ಟು ಖರ್ಚಾಯಿತು, ಇಷ್ಟು ಬಾಕಿ ಉಂಟು' ಅಂತ ಒಂದು ಪೋಸ್ಟ್ ಹಾಕಿ. ಯಾರು ಹೋದದ್ದು, ಎಂತ ಕಾಯಿಲೆ, ಅದೆಲ್ಲ ಬೇಡ. ಒಂದು ಭೇಟಿಯ ಖರ್ಚು ಕೊಡಿ ಅಂದರೆ ಕೊಡಲಿಕ್ಕೆ ಸುಲಭ. ಸುಮ್ನೆ 'ಸಹಾಯ ಮಾಡಿ' ಅಂದರೆ ಎಷ್ಟು, ಯಾತಕ್ಕೆ ಅಂತ ಗೊತ್ತಾಗದೆ ಆಮೇಲೆ ನೋಡೋಣ ಅಂತ ಬಿಡುತ್ತೇವೆ.

ಈಗ ಮುಖ್ಯ ವಿಷಯ. ಗಲ್ಫಿನಿಂದ ತೆಗೆದುಕೊಳ್ಳುವ ಮೊದಲು ನಿಮ್ಮ ಆಡಿಟರ್ ಹತ್ತಿರ ಕೂತು ಮಾತಾಡಿ. ವಿದೇಶಿ ದೇಣಿಗೆ ತೆಗೆದುಕೊಳ್ಳಲಿಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಬೇಕು, 2020ರ ತಿದ್ದುಪಡಿ ಆದ ಮೇಲೆ ಅದಕ್ಕೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಖಾತೆ ತೆರೆಯಬೇಕು. ಸಣ್ಣ ಟ್ರಸ್ಟಿಗೆ ಅದು ದೊಡ್ಡ ತಲೆನೋವು. ಆದರೆ ನನ್ನ ಹಾಗೆ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಂತ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡವರು ಕೊಟ್ಟರೆ ಬರುತ್ತದೆ, ಅವರು ನಿಮ್ಮ ಸ್ವಂತ ಚಿಕ್ಕಪ್ಪನೇ ಆದರೂ. ಇಲ್ಲಿನ ಕಂಪೆನಿಯ ಹೆಸರಿನಲ್ಲಿ ಬಂದರೂ ಅಷ್ಟೇ. ಹಾಗಾಗಿ ಪೇಜಿನಲ್ಲಿ ಕ್ಯೂಆರ್ ಕೋಡ್ ಅಂಟಿಸಿ ಎಲ್ಲರೂ ಹಾಕಿ ಅನ್ನಬೇಡಿ. ಯಾರು ಕೊಟ್ಟರು, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಬರೆದು ಇಟ್ಟುಕೊಳ್ಳಿ.

ಖಾತೆ ಟ್ರಸ್ಟಿನ ಹೆಸರಿನಲ್ಲೇ ಇರಲಿ, ಖಜಾಂಚಿಯ ಸ್ವಂತ ನಂಬರ್ ಕೊಡಬೇಡಿ. 80ಜಿ, ಅಂದರೆ ದಾನ ಕೊಟ್ಟವರಿಗೆ ಆದಾಯ ತೆರಿಗೆ ವಿನಾಯಿತಿ ಸಿಗುವ ನೋಂದಣಿ, ಇದ್ದರೆ ಅದನ್ನು ಪೋಸ್ಟಿನಲ್ಲಿ ಹಾಕಿ, ಊರಿನ ವ್ಯಾಪಾರಿಗಳು ಅದನ್ನೇ ಮೊದಲು ಕೇಳುವುದು. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಅವರಿಗೆ ವಿನಾಯಿತಿ ಸಿಗುವುದಿಲ್ಲ ಅಂತಲೂ ಹೇಳಿಬಿಡಿ.

ಬೂಸ್ಟ್ ಬಗ್ಗೆ ಯಾರೂ ಹೇಳಲಿಲ್ಲ. ಹಬ್ಬದ ಶುಭಾಶಯ ಬೂಸ್ಟ್ ಮಾಡಿದರೆ ದುಡ್ಡು ಫೇಸ್‌ಬುಕ್, ಇನ್‌ಸ್ಟಾದ ಕಂಪೆನಿ ಮೆಟಾಕ್ಕೆ ದಾನ ಮಾಡಿದ ಹಾಗೆ. ಹೊಸ ಕ್ಲಾಸ್ ಶುರುವಾಗುವಾಗ ಮಾತ್ರ ಮಾಡಿ. ಮ್ಯಾಪಿನಲ್ಲಿ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಅಂತ ಗುರುತು ಹಾಕಿ ಸುತ್ತಲಿನ ಕೆಲವು ಕಿಲೋಮೀಟರಿಗೆ ಸೀಮಿತ ಮಾಡಿದರೆ ಸಣ್ಣ ಮೊತ್ತ ಸಾಕು. ಕೇರಳ ಪೂರ್ತಿ ಅಂತ ಕೊಟ್ಟರೆ ತಿರುವನಂತಪುರದವರು ಲೈಕ್ ಹಾಕುತ್ತಾರೆ, ಭಾನುವಾರ ಕ್ಲಾಸಿಗೆ ಬರುವುದಿಲ್ಲ.

ಟೆಕ್ ಮುಳ್ಳೇರಿಯ

ಇಷ್ಟೆಲ್ಲ ಯಾಕೆ? ಕೈಗೆ ಗ್ಲೋವ್ ಹಾಕಿದರೆ ಸನ್ನೆಯನ್ನು ಮಾತಾಗಿ ಹೇಳುವ ಪ್ರಾಜೆಕ್ಟ್ ಎಷ್ಟೋ ಕಾಲೇಜಿನಲ್ಲಿ ಮಾಡಿದ್ದಾರೆ. ಈಗ ಎಐ ಬಂದಿದೆ. ಅದರ ಒಂದು ರೀಲ್ ಹಾಕಿ, ಖಂಡಿತ ವೈರಲ್.

ಉಪ್ಪಳದವಳು

ಗ್ಲೋವ್ ನನ್ನ ಹುಬ್ಬು ನೋಡುತ್ತದಾ? ಮುಖ, ತಲೆ, ಭುಜ ಎಲ್ಲ ಸೇರಿ ನಮ್ಮ ಭಾಷೆ, ಸ್ಟುಡಿಯೋದವರು ಮೇಲೆ ಬರೆದಿದ್ದಾರೆ. ಮತ್ತೆ ಆ ಗ್ಲೋವ್ ನನ್ನ ಮಾತನ್ನು ನಿಮಗೆ ಹೇಳುತ್ತದೆ, ನಿಮ್ಮ ಮಾತನ್ನು ನನಗೆ ಯಾರು ಹೇಳುತ್ತಾರೆ? ಒಂದು ಆಸ್ಪತ್ರೆಯಲ್ಲಿ ಟೋಕನ್ ನಂಬರ್ ಬಾಯಲ್ಲಿ ಕೂಗುತ್ತಾರೆ. ನನ್ನ ನಂಬರ್ ಹೋಗಿ ಮಧ್ಯಾಹ್ನದವರೆಗೆ ಕೂತಿದ್ದೆ. ಅಲ್ಲಿ ಬೇಕಾದ್ದು ಗ್ಲೋವ್ ಅಲ್ಲ, ನಂಬರ್ ತೋರಿಸುವ ಒಂದು ಬೋರ್ಡು. ಅದಕ್ಕೆ ಒಂದು ರೀಲ್ ಮಾಡಿ ಬೇಕಾದರೆ. ಆಸ್ಪತ್ರೆಯ ಹೆಸರು ಹಾಕುವುದು ಬೇಡ, ಎಲ್ಲ ಕಡೆಯೂ ಹೆಚ್ಚುಕಮ್ಮಿ ಹಾಗೇ.

ಬದಿಯಡ್ಕದ ಪೋಸ್ಟರ್ ಮಾಣಿ

ಇಷ್ಟು ಬರುತ್ತದೆ ಅಂತ ಗ್ರಹಿಸಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್.

ಉಪ್ಪಳದ ಅಕ್ಕ, ನೀವು ಕೇಳಿದ್ದಕ್ಕೆ ನೇರ ಉತ್ತರ: ಪಾಠ ಮಾಡುವವರಲ್ಲಿ ಇಬ್ಬರಿಗೆ ಕಿವಿ ಕೇಳುವುದಿಲ್ಲ, ಕಮಿಟಿಯಲ್ಲಿ ಹಾಗೆ ಯಾರೂ ಇಲ್ಲ. ಪೇಜಿನ ಪಾಸ್‌ವರ್ಡ್ ಆ ಇಬ್ಬರಿಗೂ ಕೊಡಬೇಕು ಅಂತ ನಾನು ಮುಂದಿನ ಮೀಟಿಂಗಿನಲ್ಲಿ ಇಡುತ್ತೇನೆ. ವಾಟ್ಸಾಪಿಗೆ ಸಣ್ಣ ವಿಡಿಯೋ ಮಾಡಿ, ಅದನ್ನೇ ಇನ್‌ಸ್ಟಾದಲ್ಲಿ ಹಾಕಿ, ಎರಡು ಸಬ್‌ಟೈಟಲ್ ಜತೆ ಯೂಟ್ಯೂಬಿನಲ್ಲಿ ಇಡುವುದು ಅಂತ ಸದ್ಯಕ್ಕೆ ಲೆಕ್ಕ ಹಾಕಿದ್ದೇನೆ. ಫೇಸ್‌ಬುಕ್ ಅಧ್ಯಕ್ಷರ ಶಾಲಿಗೆ ಇರಲಿ.

ಎರಡು ವಿಷಯ ಬಾಕಿ ಉಂಟು. ಸೆಪ್ಟೆಂಬರ್ 23ಕ್ಕೆ ಎಂತಾದರೂ ಮಾಡಲೇಬೇಕು, ಕಮಿಟಿಯವರು ಬಿಡುವುದಿಲ್ಲ. ಮತ್ತೆ ವ್ಯೂಸ್ ಎಷ್ಟು ಅಂತ ಕೇಳಿದರೆ ಎಂತ ತೋರಿಸುವುದು?

ನೀರ್ಚಾಲಿನ ಟೀಚರ್

ಆ ದಿನ ಒಂದು ಬೇಡಿಕೆ ಇಡಿ, ಒಂದೇ. ಗ್ರಾಮಸಭೆಗೆ ಸನ್ನೆ ಭಾಷೆಯ ದುಭಾಷಿ ಬೇಕು ಅಂತ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಸಂವಹನ ಅನ್ನುವುದರೊಳಗೆ ಸನ್ನೆ ಭಾಷೆಯೂ ಸೇರಿದೆ, ಹಾಗಾಗಿ ಇದು ಯಾರೂ ದಯೆಯಿಂದ ಕೊಡುವಂಥದ್ದಲ್ಲ. ಕಿವಿ ಕೇಳದ ಯಾರಾದರೂ ಒಬ್ಬರು ತಮ್ಮ ವಾರ್ಡಿನ ಸಮಸ್ಯೆ ಸನ್ನೆಯಲ್ಲಿ ಹೇಳಲಿ, ರಸ್ತೆಯೋ ನೀರೋ, ಕೆಳಗೆ ಎರಡು ಭಾಷೆಯಲ್ಲಿ ಬರೆಯಿರಿ. ಆ ವಿಡಿಯೋವನ್ನು ಪಂಚಾಯತ್ ಮೆಂಬರಿಗೆ ಕಳಿಸಿ, ಅವರು ಎಂತ ಉತ್ತರ ಕೊಟ್ಟರು ಅಂತ ಮುಂದಿನ ವಾರ ಹಾಕಿ. ಉತ್ತರ ಕೊಡದಿದ್ದರೆ ಅದನ್ನೂ ಹಾಕಿ. ನಮ್ಮ ಕಡೆಯ ಮೆಂಬರುಗಳಿಗೆ ವಾಟ್ಸಾಪಿನಲ್ಲಿ ಬಂದದ್ದಕ್ಕೆ ಹೆದರಿಕೆ ಜಾಸ್ತಿ.

ವ್ಯೂಸ್ ಕೇಳಿದರೆ ಭಾನುವಾರದ ಕ್ಲಾಸಿಗೆ ಹೊಸದಾಗಿ ಯಾರು ಬಂದರು, ಯಾವ ವಿಡಿಯೋ ನೋಡಿ ಬಂದರು ಅಂತ ಬರೆದ ಪುಸ್ತಕ ತೋರಿಸು.

ಕುಂಬಳೆ ಸ್ಟುಡಿಯೋ

ಮೊದಲ ನಾಲ್ಕೈದು ವಿಡಿಯೋ ನಾನು ಬಂದು ತೆಗೆದುಕೊಡುತ್ತೇನೆ, ಮದುವೆ ಇಲ್ಲದ ಭಾನುವಾರ. ಆಮೇಲೆ ನಿಮ್ಮ ಆ ಇಬ್ಬರು ಟೀಚರಿಗೆ ಫೋನಿನಲ್ಲೇ ಎಡಿಟ್ ಮಾಡುವುದು ತೋರಿಸಿಕೊಡುತ್ತೇನೆ. ನನಗೆ ಸನ್ನೆ ಬರುವುದಿಲ್ಲ, ಅದು ಒಂದು ಪ್ರಾಬ್ಲಂ.

ಉಪ್ಪಳದವಳು

ನಾನು ಬರುತ್ತೇನೆ. ಎಡಿಟ್ ಮಾಡುವುದು ನನಗೆ ಗೊತ್ತುಂಟು, ನೀವು ಬೆಳಕು ನೋಡಿಕೊಳ್ಳಿ ಸಾಕು. ಮಾಣಿ, ಕುಂಬಳೆಯಿಂದ ಬದಿಯಡ್ಕ ಬಸ್ಸು ಹತ್ತಿದರೆ ಎಲ್ಲಿ ಇಳಿಯಬೇಕು ಅಂತ ಲೊಕೇಶನ್ ಹಾಕಿ. ಮತ್ತೆ ದಯವಿಟ್ಟು ಎಲ್ಲಿಗೆ ಮುಟ್ಟಿದಿರಿ ಅಂತ ನನಗೆ ಫೋನ್ ಮಾಡಬೇಡಿ, ಮೆಸೇಜ್ ಹಾಕಿ. ಕಳೆದ ಸಲ ಇನ್ನೊಂದು ಸಂಘದವರು ಇಡೀ ದಾರಿ ಕಾಲ್ ಮಾಡುತ್ತಲೇ ಇದ್ದರು.